ಸಹಾಯ ಬೇಕು: ಪ್ರತಿ ಸೆಲ್‌ಗೂ ಫ್ಯೂಸ್, ಯಾವ ತಂತಿ ಒಳ್ಳೆಯದು?

ನಮಸ್ಕಾರ. ಹಳೆ ಲ್ಯಾಪ್‌ಟಾಪ್ ಬ್ಯಾಟರಿಗಳ 18650 ಸೆಲ್‌ಗಳಿಂದ (ದುಂಡನೆಯ ಲಿಥಿಯಂ ಸೆಲ್) ಮನೆಯ ಸೋಲಾರ್‌ಗೆ 24 ವೋಲ್ಟ್ ಪ್ಯಾಕ್ ಕಟ್ಟುತ್ತಿದ್ದೇನೆ. 7 ಗುಂಪು ಸೀರೀಸ್, ಗುಂಪಿಗೆ 20 ಸೆಲ್ ಪ್ಯಾರಲಲ್. ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಇದೆ. ಆದರೆ ಒಂದು ಸೆಲ್ ಒಳಗೇ ಶಾರ್ಟ್ ಆದರೆ ಉಳಿದ 19 ಸೆಲ್‌ಗಳ ಕರೆಂಟ್ ಅದಕ್ಕೇ ನುಗ್ಗುತ್ತದೆ, ಬಿಎಂಎಸ್ ಅದನ್ನು ತಡೆಯಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ, ಹಾಗಾಗಿ ಫ್ಯೂಸ್ ಇಲ್ಲದೆ ಕಟ್ಟಲ್ಲ.

ಪೂರ್ತಿ ಲೋಡ್‌ನಲ್ಲಿ ಸೆಲ್‌ಗೆ 1.5 ಆಂಪಿಯರ್ ಅಷ್ಟೇ. ಪ್ರತಿ ಸೆಲ್‌ನ ಪ್ಲಸ್ ತುದಿಯಿಂದ ಬಸ್‌ಬಾರ್‌ಗೆ (ಗುಂಪಿನ ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿ) ಕಿಟ್‌ಕ್ಯಾಟ್ ಫ್ಯೂಸಿನ 5 ಆಂಪಿಯರ್ ತಂತಿ ಬೆಸುಗೆ ಹಾಕುವ ಯೋಚನೆ. ತುಂಡು ಗಿಡ್ಡ ಇದ್ದರೆ ಬಿಸಿ ಎರಡೂ ತುದಿಗೆ ಹರಿದು, ಕರಗಲು ಜಾಸ್ತಿ ಕರೆಂಟ್ ಬೇಕಲ್ವಾ? ಎಷ್ಟು ಉದ್ದ ಬಿಡಬೇಕು? ಇಲ್ಲಾ ಎರಡು ಕಾಲಿನ ಗಾಜಿನ ಫ್ಯೂಸೇ ಹಾಕಲಾ? ಸುಟ್ಟು ಪರೀಕ್ಷೆ ಮಾಡಿದವರು ದಯವಿಟ್ಟು ಹೇಳಿ.