ಪೈಗೇಮ್ ವಿಂಡೋ ಬೆಳ್ಳಗಾಗಿ ನಿಂತುಬಿಡುತ್ತೆ, ಮುಚ್ಚೋಕೂ ಆಗ್ತಿಲ್ಲ

ಬಿಸಿಎ_ಹುಡುಗ:
ಎಲ್ಲರಿಗೂ ನಮಸ್ಕಾರ. ಪೈಥಾನ್ ಶುರು ಮಾಡಿ ಒಂದು ತಿಂಗಳಾಯ್ತು. ಗೋಡೆಗೆ ಬಡಿದು ವಾಪಸ್ ಬರೋ ಚೆಂಡನ್ನ, ಪೈಥಾನ್‌ನಲ್ಲಿ ಆಟ ಬರೆಯೋಕಿರೋ ಲೈಬ್ರರಿ ಪೈಗೇಮ್‌ನಲ್ಲಿ ಮಾಡಿದೀನಿ. ಚೆಂಡು ಚೆನ್ನಾಗೇ ಓಡುತ್ತೆ. ವಿಂಡೋ ಮೇಲೆ ಒಂದೆರಡು ಸಲ ಕ್ಲಿಕ್ ಮಾಡಿದ್ರೆ ಸಾಕು, ಸ್ವಲ್ಪ ಹೊತ್ತಿಗೆ ಎಲ್ಲಾ ಬೆಳ್ಳಗಾಗಿ ಮೇಲೆ "ನಾಟ್ ರೆಸ್ಪಾಂಡಿಂಗ್" ಅಂತ ಬರುತ್ತೆ. ಟಾಸ್ಕ್ ಮ್ಯಾನೇಜರ್‌ಗೇ ಹೋಗಿ ಸಾಯಿಸಬೇಕು. ಪೈಥಾನ್ ಎರಡು ಸಲ ತೆಗೆದು ಹಾಕಿ ನೋಡಿದೆ. 4 ಜಿಬಿ ರ‍್ಯಾಮ್ ಸಾಲಲ್ಲ ಅಂತಾನೆ ಅಣ್ಣ. ನಿಜಾನಾ? ವಿಂಡೋಸ್ 10, ಪೈಥಾನ್ ಜೊತೆಗೇ ಬರೋ ಎಡಿಟರ್ ಐಡಲ್‌ನಲ್ಲಿ ಓಡಿಸ್ತಿದೀನಿ.

ಹಳೇಕೀಬೋರ್ಡ್:
ರ‍್ಯಾಮ್‌ಗೆ ದುಡ್ಡು ಹಾಕ್ಬೇಡಿ, ಒಂದು ಚೆಂಡಿಗೆ 4 ಜಿಬಿ ಧಾರಾಳ. ನಿಮ್ಮ ವೈಲ್ ಲೂಪ್ (ಆಟ ಮುಗಿಯೋವರೆಗೂ ಸುತ್ತುತ್ತಾ ಇರೋ ಕೋಡ್) ಒಳಗೆ ಇವೆಂಟ್ ಓದೋ ಕೋಡ್ ಇಲ್ಲ ಅಂತ ನನ್ನ ಊಹೆ.

ನೀವು ಒತ್ತಿದ ಕೀ, ಮೌಸು, ಮುಚ್ಚೋ ಗುಂಡಿ, ಈ ಇವೆಂಟ್ ಎಲ್ಲವನ್ನೂ ವಿಂಡೋಸ್ ಸಾಲಾಗಿ ಜೋಡಿಸಿ ಇಟ್ಟಿರುತ್ತೆ. ಪ್ರೋಗ್ರಾಂ ಬಂದು ಎತ್ಕೋಬೇಕು. 5 ಸೆಕೆಂಡ್ ಆದ್ರೂ ಯಾರೂ ಬರದಿದ್ರೆ ಇದು ಕೆಟ್ಟು ನಿಂತಿದೆ ಅಂತ ತೀರ್ಮಾನ ಮಾಡುತ್ತೆ. ಆ ಬೆಳ್ಳಗಿನದು ನಿಮ್ಮ ವಿಂಡೋನೇ ಅಲ್ಲ. ನಿಮ್ಮದನ್ನ ಮರೆಮಾಡಿ ವಿಂಡೋಸ್ ನಿಲ್ಲಿಸಿರೋ ಬೆರ್ಚಪ್ಪ ಅದು. ಹಿಂದೆ ಚೆಂಡಿನ ಲೆಕ್ಕ ನಡೀತಾನೇ ಇರುತ್ತೆ.

ಲೂಪ್‌ನ ಮೊದಲಿಗೇ ಇದನ್ನ ಹಾಕಿ (ಇಂಗ್ಲಿಷ್ ಅಕ್ಷರದಲ್ಲಿ ಬರ್ಕೊಳ್ಳಿ):

ಫಾರ್ ಇವೆಂಟ್ ಇನ್ ಪೈಗೇಮ್.ಇವೆಂಟ್.ಗೆಟ್():
    ಇಫ್ ಇವೆಂಟ್.ಟೈಪ್ == ಪೈಗೇಮ್.ಕ್ವಿಟ್:
        ರನ್ನಿಂಗ್ = ಫಾಲ್ಸ್

ಇಲ್ಲಿ ಕ್ವಿಟ್ ಪೂರ್ತಿ ದೊಡ್ಡಕ್ಷರದಲ್ಲಿರಲಿ. ಸಣ್ಣಕ್ಷರದ್ದು ಬೇರೆ, ಅದು ಪೈಗೇಮನ್ನೇ ಮುಚ್ಚೋ ಫಂಕ್ಷನ್. ತಪ್ಪಿ ಅದನ್ನ ಬರೆದ್ರೆ ಎರರ್ ಕೂಡ ಬರಲ್ಲ, ಸುಮ್ನೆ ವಿಂಡೋ ಮುಚ್ಚಲ್ಲ ಅಷ್ಟೆ. ನಾನೇ ಒಂದು ಸಂಜೆ ಪೂರ್ತಿ ಇದರಲ್ಲಿ ಕಳೆದಿದೀನಿ.

ಬಿಸಿಎ_ಹುಡುಗ:
ಬೆಳ್ಳಗಾಗೋದು ನಿಂತ್ಹೋಯ್ತು ಸರ್! ಆದ್ರೆ ಮುಚ್ಚೋ ಗುಂಡಿ ನಾಲ್ಕೈದು ಸಲ ಒತ್ತಿದ್ರೆ ಒಂದು ಸಲ ಕೆಲಸ ಮಾಡುತ್ತೆ. ಲೂಪ್ ಒಳಗೆ ಕ್ರಮವಾಗಿ ಇರೋದು: ಬಾಣದ ಕೀಗಳಿಗೆ ಒಂದು ಫಾರ್ ಲೂಪ್ (ಇದನ್ನ ಇವತ್ತೇ ಸೇರಿಸಿದೆ), ಹಿನ್ನೆಲೆ ಚಿತ್ರ ಲೋಡ್ ಮಾಡಿ ಬರೆಯೋದು, ಚೆಂಡು, ಆಮೇಲೆ ನೀವು ಹೇಳಿದ ಫಾರ್ ಲೂಪ್, ಫ್ಲಿಪ್ (ಬರೆದಿದ್ದನ್ನ ಪರದೆ ಮೇಲೆ ತೋರಿಸೋದು), ಕೊನೆಗೆ ಕ್ಲಾಕ್.ಟಿಕ್(60) (ಸೆಕೆಂಡಿಗೆ 60 ಸುತ್ತು ದಾಟದ ಹಾಗೆ ಕಾಯೋದು).

ಹಳೇಕೀಬೋರ್ಡ್:
ಮೊದಲಿಗೆ ಹಾಕಿ ಅಂದ್ರೆ ಕೊನೆಗೆ ಹಾಕಿದೀರಿ. ಇರಲಿ, ಒಳ್ಳೇ ಪಾಠ ಸಿಕ್ತು.

ಎರಡು ಕಡೆ ಗೆಟ್() ಕರೀತಿದೀರಿ. ಗೆಟ್ ಅಂದ್ರೆ ಬರೀ ನೋಡೋದಲ್ಲ, ಕಾಯ್ತಿರೋ ಇವೆಂಟ್‌ಗಳ ಸಾಲನ್ನ ಖಾಲಿ ಮಾಡೋದು. ದರ್ಶಿನಿಯ ಅಡುಗೆಮನೆ ನೆನೆಸ್ಕೊಳ್ಳಿ. ದೋಸೆಯವನು ಬಂದು ಇದ್ದ ಚೀಟಿ ಎಲ್ಲಾ ಬಾಚ್ಕೊಂಡ, ದೋಸೆದು ಇಟ್ಕೊಂಡು ಮಿಕ್ಕಿದ್ದನ್ನ ಬುಟ್ಟಿಗೆ ಎಸೆದ. ಕಾಫಿಯವನು ಬಂದಾಗ ಒಂದು ಚೀಟಿನೂ ಇಲ್ಲ. ನಿಮ್ಮ ಕೀ ಲೂಪ್ ಮಾಡ್ತಿರೋದು ಅದೇ. ಮುಚ್ಚು ಅನ್ನೋ ಚೀಟಿ ಅದರ ಕೈಗೆ ಸಿಗುತ್ತೆ, ತನ್ನದಲ್ಲ ಅಂತ ಬಿಸಾಕುತ್ತೆ.

ಹಾಗಾದ್ರೆ ಒಮ್ಮೊಮ್ಮೆ ಯಾಕೆ ಕೆಲಸ ಮಾಡುತ್ತೆ? ಟಿಕ್(60) ಇದ್ರೆ ಒಂದು ಸುತ್ತಿಗೆ ಸುಮಾರು 16 ಮಿಲಿಸೆಕೆಂಡ್. ಅದರಲ್ಲಿ ಬಹುಪಾಲು ಟಿಕ್ ಕಾಯ್ತಾ ಕೂತಿರುತ್ತೆ. ಆಗ ಒತ್ತಿದ್ದು ಮೊದಲನೇ ಲೂಪಿನ ಪಾಲು. ಮೊದಲನೇದು ಮುಗಿದು ಎರಡನೇದು ಶುರುವಾಗೋ ನಡುವೆ ಒತ್ತಿದ್ರೆ ಮಾತ್ರ ನಿಮ್ಮ ಅದೃಷ್ಟ. ಆ ನಡುವೆ ಪ್ರತಿ ಸುತ್ತಿಗೂ ಡಿಸ್ಕಿನಿಂದ ಚಿತ್ರ ಲೋಡ್ ಮಾಡ್ತಿದೀರಲ್ಲ, ಅದಕ್ಕೇ 4 ಮಿಲಿಸೆಕೆಂಡ್ ಹಿಡಿದ್ರೆ ನಾಲ್ಕರಲ್ಲಿ ಒಂದು ಸಲ ಸಿಗುತ್ತೆ. ತಮಾಷೆ ಏನಂದ್ರೆ, ಚಿತ್ರ ಲೋಡ್ ಮಾಡೋದನ್ನ ಲೂಪಿನ ಹೊರಗೆ ಇಟ್ಟು ಸರಿ ಮಾಡಿದ್ರೆ ಈ ತೊಂದರೆ ಇನ್ನೂ ಜಾಸ್ತಿ ಆಗ್ತಿತ್ತು!

ಎರಡನ್ನೂ ಒಂದೇ ಫಾರ್ ಒಳಗೆ ಇಫ್, ಎಲಿಫ್ ಮಾಡಿ. ಚಿತ್ರ ಲೋಡ್ ಮಾಡೋದನ್ನೂ ಹೊರಗೆ ಇಡಿ.

ಮಕ್ಕಳಿಗೆ_ಕೋಡ್:
ನಡುವೆ ಬಾಯಿ ಹಾಕ್ತಿದೀನಿ. ನಮ್ಮ ತರಗತಿಯ ಮಕ್ಕಳು ಟೈಟಲ್ ಪಟ್ಟಿ ಹಿಡಿದು ವಿಂಡೋ ಎಳೆದಾಡ್ತಾರೆ. ಎಳೆಯೋವರೆಗೂ ಚೆಂಡು ನಿಂತು, ಬಿಟ್ಟ ತಕ್ಷಣ ಗೋಡೆ ದಾಟಿ ಮಾಯ.

ಹಳೇಕೀಬೋರ್ಡ್:
ಮೇಡಂ, ವಿಂಡೋಸ್‌ನಲ್ಲಿ ಅದು ಹಾಗೇ. ಎಳೆಯೋ ಹೊತ್ತಲ್ಲಿ ಗೆಟ್() ವಾಪಸ್ ಬರೋದೇ ಇಲ್ಲ. ಮೂರು ಸೆಕೆಂಡ್ ಎಳೆದು ಬಿಟ್ಟಾಗ ಟಿಕ್ ಕೊಡೋ ಸಮಯ (ಹಿಂದಿನ ಸುತ್ತಿನಿಂದ ಕಳೆದದ್ದು) ಒಮ್ಮೆಗೇ 3000 ಮಿಲಿಸೆಕೆಂಡ್ ಅಂತ ಬರುತ್ತೆ, ನೀವು ವೇಗಕ್ಕೆ ಅದನ್ನ ಗುಣಿಸ್ತೀರಿ, ಚೆಂಡು ಪಕ್ಕದ ಊರಿಗೆ ಹೋಗುತ್ತೆ. ಆ ಸಂಖ್ಯೆ 50 ದಾಟದ ಹಾಗೆ ಮಿನ್ (ಎರಡರಲ್ಲಿ ಚಿಕ್ಕದನ್ನ ಕೊಡೋ ಫಂಕ್ಷನ್) ಹಾಕಿ.

ಬಿಸಿಎ_ಹುಡುಗ:
ಒಂದೇ ಒತ್ತಿಗೆ ಮುಚ್ಚುತ್ತೆ ಈಗ. ಆದ್ರೆ ಮುಚ್ಚಿದ ಮೇಲೆ ಐಡಲ್‌ನಲ್ಲಿ ಕೆಂಪಗೆ "ವಿಡಿಯೋ ಸಿಸ್ಟಮ್ ನಾಟ್ ಇನಿಶಿಯಲೈಸ್ಡ್" ಅಂತ ಬೈತಿದೆ.

ಹಳೇಕೀಬೋರ್ಡ್:
ರನ್ನಿಂಗ್ = ಫಾಲ್ಸ್ ಕೆಳಗೇ ಪೈಗೇಮ್.ಕ್ವಿಟ್() ಬರೆದಿದೀರಿ ಅಲ್ವಾ? ಆ ಸುತ್ತು ಇನ್ನೂ ಮುಗಿದಿಲ್ಲ, ಕೆಳಗೆ ಫ್ಲಿಪ್ ಕಾಯ್ತಿದೆ. ಮನೆಗೆ ಬೀಗ ಹಾಕಿ ಆಮೇಲೆ ಕಸ ಗುಡಿಸೋಕೆ ಹೋದ ಹಾಗೆ. ಆ ಸಾಲನ್ನ ವೈಲ್‌ನ ಹೊರಗೆ, ಎಡ ಅಂಚಿಗೆ ತನ್ನಿ. ಐಡಲ್‌ನಲ್ಲಿ ಅದನ್ನ ಪೂರ್ತಿ ತೆಗೆಯೋಕೂ ಹೋಗ್ಬೇಡಿ. ಪ್ರೋಗ್ರಾಂ ಮುಗಿದ್ರೂ ಒಳಗಿನ ಪೈಥಾನ್ ಬದುಕಿರುತ್ತೆ, ವಿಂಡೋ ಹಾಗೇ ನೇತಾಡುತ್ತೆ.

ಬಿಸಿಎ_ಹುಡುಗ:
ಆಯ್ತು ಸರ್, ಕೆಂಪು ಹೋಯ್ತು. ರ‍್ಯಾಮ್ ಅಂದ ಅಣ್ಣನಿಗೆ ಇದನ್ನೆಲ್ಲ ತೋರಿಸಿದೆ. "ನಾನು ಹೇಳಿದ್ದೂ ಅದೇ" ಅಂದ.