ಕೆಮ್ಮಿಗೆ ಜೇಷ್ಠಮಧು ದಿನಾ ತಗೋಬಹುದಾ?

ಪ್ರಶ್ನೆ: ಗಂಟಲು ಕೆರೆತ, ಒಣಕೆಮ್ಮು ಶುರುವಾದಾಗ ಜೇಷ್ಠಮಧು ಬೇರು ಜಗಿಯುತ್ತೇನೆ, ಆರಾಮ ಅನಿಸುತ್ತದೆ. ಅಪ್ಪನಿಗೂ ಕೊಡೋಣ ಅಂತಿದ್ದೇನೆ, ಆದರೆ ಅವರು ಬಿಪಿ ಮಾತ್ರೆ ತಗೊಳ್ಳುತ್ತಾರೆ. ಗಿಡಮೂಲಿಕೆ ತಾನೇ, ಏನಾಗುತ್ತೆ?

ಉತ್ತರ: ಅಪ್ಪನಿಗೆ ಬೇಡ! ಬೇರಿನಲ್ಲಿ ಗ್ಲಿಸರೈಜಿನ್ ಇದೆ, ಸಿಹಿ ಬರೋದೇ ಅದರಿಂದ. ಅದು ಕಾರ್ಟಿಸಾಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ, ಆಗ ಉಳಿದುಬಿಡುವ ಕಾರ್ಟಿಸಾಲ್‌ನಿಂದ ಮೂತ್ರಪಿಂಡ ಉಪ್ಪು ನೀರನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಹೊರಗೆ ಹಾಕುತ್ತದೆ, ಬಿಪಿ ಏರುತ್ತದೆ, ಕಾಲು ಊದಿಕೊಳ್ಳಬಹುದು. ಪೊಟ್ಯಾಸಿಯಂ ತೀರಾ ಇಳಿದರೆ ಎದೆಬಡಿತವೇ ಏರುಪೇರು. ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಡಿಗಾಕ್ಸಿನ್ ಅನ್ನೋ ಹೃದಯದ ಮಾತ್ರೆ ತಗೊಳ್ಳುವವರಿಗೆ ಇನ್ನೂ ಜಾಸ್ತಿ ಅಪಾಯ.

ಇನ್ನೊಬ್ಬರು: ಹಾಗಂತ ಸುಮ್ನೆ ಹೆದರಬೇಡಿ. ಆರೋಗ್ಯವಂತರು ಗಂಟಲು ನೋವಿಗೆ ನಾಲ್ಕು ದಿನ ಸ್ವಲ್ಪ ಜಗಿದರೆ ತೊಂದರೆ ಆಗೋದು ಅಪರೂಪ. ಆಪರೇಷನ್ನಿಗೆ ಮುಂಚೆ ಇದರ ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ, ಉಸಿರಾಟದ ನಳಿಕೆ ಹಾಕಿದ ಮೇಲೆ ಬರುವ ಗಂಟಲು ನೋವು ಕಡಿಮೆಯಾಗುತ್ತೆ ಅಂತ ಅಧ್ಯಯನಗಳೇ ಹೇಳಿವೆ. ಮುಕ್ಕಳಿಸಿ ಉಗುಳೋದು ನುಂಗೋದಕ್ಕಿಂತ ವಾಸಿ ಅಲ್ವಾ?

ಮತ್ತೊಬ್ಬರು: ಹೊಟ್ಟೆ ಹುಣ್ಣಿಗೆ ಇದೇ ಬೇರಿನಿಂದ ಕಾರ್ಬೆನಾಕ್ಸಲೋನ್ ಅನ್ನೋ ಔಷಧಿ ಮಾಡಿದ್ದರು. ಅದರಲ್ಲೂ ಇದೇ ಬಿಪಿ ಕಾಟ! ಈಗ ಗ್ಲಿಸರೈಜಿನ್ ತೆಗೆದ ಡಿಜಿಎಲ್ ಮಾತ್ರೆ ಸಿಗುತ್ತೆ. ಗರ್ಭಿಣಿಯರಂತೂ ಬೇರಿನ ತಂಟೆಗೆ ಹೋಗಬಾರದು.

ಪ್ರಶ್ನೆ ಕೇಳಿದವರು: ಸರಿ, ಅಪ್ಪನಿಗೆ ಕೊಡಲ್ಲ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ ಉಗುಳಲಿ. ಕೆಮ್ಮಿನ ಸಿರಪ್ಪಿನ ಲೇಬಲ್ ನೋಡಿದೆ, ಅದರಲ್ಲೂ ಜೇಷ್ಠಮಧು ಇದೆ!