ಸಹಾಯ ಬೇಕು: ಮಿದುಳಿಗೆ ಪೆಟ್ಟಾದ ಮಗನಿಗೆ ತನ್ನ ಅಗತ್ಯವನ್ನು ತಾನೇ ಹೇಳಿಕೊಳ್ಳಲು ಕಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನ ಬಸವನಗುಡಿಯವರು. ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗನಿಗೆ ರಸ್ತೆ ಅಪಘಾತದಲ್ಲಿ ಮಿದುಳಿನ ಮುಂಭಾಗಕ್ಕೆ ಪೆಟ್ಟಾಗಿತ್ತು. ಗಾಯ ಮಾಗಿದೆ, ನಡಿಗೆಯೂ ಮಾತೂ ಸರಿಯಾಗಿವೆ. ಆದುದರಿಂದಲೇ ಶಾಲೆಯಲ್ಲಿ ಅವನ ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡು ಸೂಚನೆಗಳನ್ನು ಒಟ್ಟಿಗೆ ಕೊಟ್ಟರೆ ಎರಡನೆಯದು ನೆನಪಿನಲ್ಲಿ ಉಳಿಯುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ವಿಪರೀತ ದಣಿಯುತ್ತಾನೆ, ಗದ್ದಲವಿದ್ದರೆ ತಲೆನೋವು ಬರುತ್ತದೆ.

ಅಂಗವಿಕಲರ ಹಕ್ಕುಗಳ ಕುರಿತ 2016ರ ಕಾಯ್ದೆಯ 17ನೆಯ ಸೆಕ್ಷನ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು ಮುಂತಾದ ಮಾರ್ಪಾಡುಗಳನ್ನು ಹೇಳುತ್ತದೆ. ಅಂಥ ಕಾಗದಪತ್ರಗಳಿಗಾಗಿ ನಾನು ಓಡಾಡಬಲ್ಲೆ. ಆದರೆ "ಮಿಸ್, ಇನ್ನೊಮ್ಮೆ ಹೇಳಿ" ಎಂಬ ಮಾತನ್ನು ಅವನ ಬದಲು ನಾನು ಆಡಲಾರೆ.

ನಾನೇ ಶಿಕ್ಷಕಿಯಂತೆ ನಟಿಸಿ ಮನೆಯಲ್ಲಿ ಅಭ್ಯಾಸ ಮಾಡಿಸಿದ್ದೇನೆ. ಅರ್ಥವಾಗದಿದ್ದಾಗ ಶಿಕ್ಷಕಿಗೆ ತಿಳಿಯಲೆಂದು ಡೆಸ್ಕಿನ ಮೇಲಿಡಲು ಬಣ್ಣದ ಕಾರ್ಡ್ ಕೊಟ್ಟೆ. ಸಹಪಾಠಿಗಳು ನೋಡುತ್ತಾರೆಂದು ಅದನ್ನು ಬ್ಯಾಗಿನಿಂದ ಹೊರಗೆ ತೆಗೆಯಲೇ ಇಲ್ಲ. ಮನೆಯಲ್ಲಿ ಸರಾಗವಾಗಿ ಕೇಳುವವನು ತರಗತಿಯಲ್ಲಿ "ಅರ್ಥವಾಯಿತೇ?" ಎಂದೊಡನೆ ತಲೆಯಾಡಿಸಿ ಸುಮ್ಮನಾಗುತ್ತಾನೆ. ಇದು ನಾಚಿಕೆಯೋ, ಅರ್ಥವಾಗಿಲ್ಲವೆಂಬುದೇ ಆ ಕ್ಷಣದಲ್ಲಿ ಅವನ ಗಮನಕ್ಕೆ ಬಾರದಿರುವುದೋ, ಗಮನಕ್ಕೆ ಬಂದರೂ ಮಾತು ಆರಂಭಿಸಲಾಗದಿರುವುದೋ ನನಗೆ ತಿಳಿಯುತ್ತಿಲ್ಲ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದವರಲ್ಲಿ ಕೊನೆಯ ಎರಡೂ ಸಾಧ್ಯ. (ನೆಂಟರು ಸೋಮಾರಿತನವೆನ್ನುತ್ತಾರೆ, ಅದು ಬಿಡಿ.)

ಇಂಥ ಮಕ್ಕಳ ಪೋಷಕರಲ್ಲಿ, ವಿಶೇಷ ಶಿಕ್ಷಕರಲ್ಲಿ ನನ್ನ ಪ್ರಶ್ನೆ: ಈ ಮೂರರಲ್ಲಿ ಕಾರಣ ಯಾವುದೆಂದು ನೀವು ಹೇಗೆ ಗುರುತಿಸಿದಿರಿ, ಮತ್ತು ಇತರ ಮಕ್ಕಳಿಗೆ ಕಾಣದಂತೆ ಶಿಕ್ಷಕರಿಗೆ ತಿಳಿಸಬಹುದಾದ ಯಾವ ಸಂಕೇತ ತರಗತಿಯಲ್ಲಿ ನಿಜವಾಗಿ ಕೆಲಸಕ್ಕೆ ಬಂದಿದೆ?